ಹಳೆಯ ಯಂತ್ರದ ವಿಲೇವಾರಿ: ದೆಹಲಿಯ ಕಚೇರಿಗಳಲ್ಲಿ ಯಂತ್ರ ಬದಲಾವಣೆಯ ಚರಿತ್ರೆ

ದೆಹಲಿಯ ಸರ್ಕಾರಿ ಕಚೇರಿಗಳಿಗೆ ಬೆರಳಚ್ಚು ಯಂತ್ರದ ಜಾಗಕ್ಕೆ ಕಂಪ್ಯೂಟರ್ ಬಂದುದನ್ನು, ಆಮೇಲೆ ಒಂದು ತಲೆಮಾರಿನ ಕಂಪ್ಯೂಟರಿನ ಜಾಗಕ್ಕೆ ಇನ್ನೊಂದು ತಲೆಮಾರಿನದು ಬಂದುದನ್ನು ವಿವರಿಸುವ ಬರಹಗಳು ಸಾಮಾನ್ಯವಾಗಿ ಬಂದ ಯಂತ್ರದ ಕಡೆ ನಿಂತು ನೋಡುತ್ತವೆ. ಯಾವ ವರ್ಷ ಏನನ್ನು ಕೊಂಡರು, ಯಾರು ಉದ್ಘಾಟಿಸಿದರು, ಎಷ್ಟು ಕೆಲಸ ಹಗುರವಾಯಿತು ಎಂಬುದೇ ಅಲ್ಲಿನ ವಿಷಯ. ಹೋದ ಯಂತ್ರದ ಕಡೆಯಿಂದ ನೋಡಿದರೆ ಇದೇ ಚರಿತ್ರೆ ಬೇರೆಯಾಗಿ ಕಾಣುತ್ತದೆ. ಹೊಸದನ್ನು ತರಿಸುವುದಕ್ಕೆ ಮಂಜೂರಾತಿಯೂ ಹಣವೂ ಒಬ್ಬ ಪೂರೈಕೆದಾರನೂ ಇದ್ದರೆ ಸಾಕಾಗುತ್ತಿದ್ದಾಗ, ಹಳೆಯದನ್ನು ಮೇಜಿನಿಂದ ಇಳಿಸಿ, ಲೆಕ್ಕದ ಪುಸ್ತಕದಿಂದ ಹೊಡೆದುಹಾಕಿ, ಕಟ್ಟಡದಿಂದ ಹೊರಗೆ ಸಾಗಿಸುವುದಕ್ಕೆ ಸಮಿತಿ, ವರದಿ, ಬೆಲೆ ನಿಗದಿ, ಹರಾಜು ಎಂಬ ದೀರ್ಘ ಕ್ರಮ ಬೇಕಾಗುತ್ತಿತ್ತು. ರಾಜಧಾನಿಯಲ್ಲಿ ಯಂತ್ರ ಬದಲಾವಣೆಯ ವೇಗವನ್ನು ಬಹುಪಾಲು ನಿರ್ಧರಿಸಿದ್ದು ತಂತ್ರಜ್ಞಾನವಲ್ಲ, ಈ ಎರಡನೆಯ ಅರ್ಧ.

1931ರಲ್ಲಿ ಹೊಸ ದೆಹಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದಾಗ ರೈಸೀನಾ ಗುಡ್ಡದ ಉತ್ತರ ಮತ್ತು ದಕ್ಷಿಣ ಬ್ಲಾಕುಗಳ ಕಚೇರಿಗಳಿಗೆ ಬೇಕಾದ ಬೆರಳಚ್ಚು ಯಂತ್ರಗಳು ವಿದೇಶದಿಂದಲೇ ಬರಬೇಕಾಗಿತ್ತು, ಏಕೆಂದರೆ ಭಾರತದಲ್ಲೇ ಅಂಥ ಯಂತ್ರವನ್ನು ಗೋದ್ರೆಜ್ ಕಂಪನಿ ತಯಾರಿಸಿದ್ದು 1955ರಲ್ಲಿ. ಬಿಡಿಭಾಗ ಬದಲಿಸುತ್ತ ಹೋದರೆ ಬೆರಳಚ್ಚು ಯಂತ್ರ ದಶಕಗಟ್ಟಲೆ ಬಾಳುತ್ತಿತ್ತು, ಅದನ್ನು ಬಳಸಿದ ಗುಮಾಸ್ತ ನಿವೃತ್ತನಾದರೂ ಯಂತ್ರ ನಿವೃತ್ತವಾಗುತ್ತಿರಲಿಲ್ಲ. ಕಚೇರಿಯ ಆಸ್ತಿಯನ್ನು ಬರೆದಿಡುವ ಕ್ರಮವೂ ಇಂಥ ದೀರ್ಘಾಯುಷಿ ವಸ್ತುಗಳನ್ನೇ ಕಣ್ಣಮುಂದಿಟ್ಟುಕೊಂಡು ರೂಪುಗೊಂಡಿತು. ಕಾಗದ, ಶಾಯಿ, ರಿಬ್ಬನ್‌ಗಳಂತೆ ಬಳಸಿ ಮುಗಿಯುವ ಸಾಮಗ್ರಿಗೆ ಒಂದು ಪುಸ್ತಕವಾದರೆ, ಕುರ್ಚಿ, ಮೇಜು, ಗೋಡೆ ಗಡಿಯಾರ, ಬೆರಳಚ್ಚು ಯಂತ್ರಗಳಂತೆ ಉಳಿಯುವ ವಸ್ತುಗಳಿಗೆ ಇನ್ನೊಂದು. ಕಚೇರಿಯ ಮಾತಿನಲ್ಲಿ ಈ ಎರಡನೆಯದು ಡೆಡ್ ಸ್ಟಾಕ್ ರಿಜಿಸ್ಟರ್. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು 1947ರಲ್ಲಿ ಮೊದಲು ಹೊರಬಂದು 1963, 2005 ಮತ್ತು 2017ರಲ್ಲಿ ಪರಿಷ್ಕೃತವಾದವು, ಆದರೆ ವರ್ಷಕ್ಕೊಮ್ಮೆ ಪ್ರತಿ ವಸ್ತುವನ್ನೂ ಕಣ್ಣಾರೆ ಕಂಡು ಪುಸ್ತಕದೊಡನೆ ತಾಳೆ ನೋಡಬೇಕೆಂಬ ಕಟ್ಟಳೆ ಮಾತ್ರ ಉಳಿದುಕೊಂಡು ಬಂದಿದೆ. ಪುಸ್ತಕದಲ್ಲಿದ್ದು ಕೋಣೆಯಲ್ಲಿಲ್ಲದ ವಸ್ತುವಿಗೆ ಯಾರಾದರೊಬ್ಬರು ಉತ್ತರ ಹೇಳಬೇಕಾಗುತ್ತಿದ್ದುದರಿಂದ, ಕೆಟ್ಟುಹೋದ ಯಂತ್ರವನ್ನು ಹೊರಹಾಕುವುದಕ್ಕಿಂತ ಮೂಲೆಯಲ್ಲಿಟ್ಟು ಕಾಯುವುದು ಉಗ್ರಾಣದ ಹೊಣೆ ಹೊತ್ತವನಿಗೆ ಯಾವತ್ತೂ ಕ್ಷೇಮವಾಗಿತ್ತು.

ದೆಹಲಿಯ ಬೆರಳಚ್ಚು ಯಂತ್ರಗಳಿಗೆ ಇನ್ನೂ ಒಂದು ತೊಡಕಿತ್ತು. ಒಂದು ಯಂತ್ರ ಒಂದೇ ಲಿಪಿಯನ್ನು ಬಲ್ಲದು. 1963ರ ರಾಜಭಾಷಾ ಕಾಯ್ದೆ ಮತ್ತು 1976ರ ನಿಯಮಗಳ ಪ್ರಕಾರ ಹಿಂದಿ, ಇಂಗ್ಲಿಷ್ ಎರಡರಲ್ಲೂ ಕಾಗದಪತ್ರ ಹೊರಡಿಸಬೇಕಾದ ಕಚೇರಿಗಳಲ್ಲಿ ರೋಮನ್ ಕೀಲಿಗಳ ಯಂತ್ರವೂ ನಾಗರಿ ಕೀಲಿಗಳ ಯಂತ್ರವೂ ಬೇರೆಬೇರೆಯಾಗಿಯೇ ಇರಬೇಕಾಯಿತು. ಕಾನ್ಪುರದ ಐಐಟಿಯಲ್ಲಿ ಬೆಳೆದು ಮುಂದೆ ಸಿ-ಡ್ಯಾಕ್ ಸಂಸ್ಥೆಯ ಮೂಲಕ ಹರಡಿದ ಜಿಸ್ಟ್ ಎಂಬ ತಂತ್ರ, ಅಂದರೆ ಸಾಧಾರಣ ಕಂಪ್ಯೂಟರಿನೊಳಗೆ ಒಂದು ಕಾರ್ಡನ್ನು ಸೇರಿಸಿ ಭಾರತೀಯ ಲಿಪಿಗಳನ್ನು ಮೂಡಿಸುವ ಏರ್ಪಾಡು, ಈ ಎರಡು ಯಂತ್ರಗಳ ಕೆಲಸವನ್ನು ಒಂದೇ ಪೆಟ್ಟಿಗೆಗೆ ತಂದಿತು.

ಕಂಪ್ಯೂಟರಿನ ಮೊದಲ ತಲೆಮಾರು ಭಾರತಕ್ಕೆ ಬಂದ ಬಗೆ ಈ ವಿಷಯಕ್ಕೆ ವಿಚಿತ್ರವಾಗಿ ಹೊಂದುತ್ತದೆ. 1960ರ ದಶಕದಲ್ಲಿ ರೈಲ್ವೆ, ವಿಮಾ ನಿಗಮ, ಸಂಶೋಧನಾ ಸಂಸ್ಥೆಗಳಲ್ಲಿ ನೆಲೆಸಿದ ಐಬಿಎಂ 1401 ಯಂತ್ರಗಳಲ್ಲಿ ಅನೇಕವು ಬೇರೆ ದೇಶಗಳಲ್ಲಿ ಬಳಕೆಯಾಗಿ, ಅಲ್ಲಿ ಹೊಸ ಮಾದರಿಗಳಿಗೆ ಜಾಗ ಬಿಟ್ಟುಕೊಟ್ಟು, ದುರಸ್ತಿಗೊಂಡು ಇಲ್ಲಿಗೆ ಬಂದಂಥವು; ಮಾರಾಟವೂ ಅಲ್ಲ, ಬಾಡಿಗೆಯ ಮೇಲೆ. ಅಂದರೆ ಇನ್ನೊಬ್ಬರ ಬದಲಾವಣೆಯ ಉಳಿಕೆಯಿಂದಲೇ ಭಾರತದ ಕಚೇರಿಗಳ ಗಣಕೀಕರಣ ಆರಂಭವಾಯಿತು, ಈ ಅಂಶ ಸಂಸತ್ತಿನಲ್ಲೂ ಟೀಕೆಗೆ ಗುರಿಯಾಯಿತು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯಂತೆ ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ 40ಕ್ಕೆ ಇಳಿಸಬೇಕೆಂಬ ಒತ್ತಾಯ ಬಂದಾಗ ಐಬಿಎಂ ಒಪ್ಪದೆ 1978ರಲ್ಲಿ ದೇಶ ಬಿಟ್ಟಿತು. ಅದು ಬಿಟ್ಟುಹೋದ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ, 1975ರ ಕೊನೆಯಲ್ಲಿ ಸರ್ಕಾರವೇ ಸ್ಥಾಪಿಸಿದ್ದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಗೆ, ಮುಂದೆ ಸಿಎಂಸಿ ಎಂದೇ ಹೆಸರಾದುದಕ್ಕೆ, ಬಂತು. ತಯಾರಕನೇ ಹೊರಟುಹೋದ ಮೇಲೂ ಯಂತ್ರ ಓಡಬೇಕು, ಹೊಸದನ್ನು ತರಿಸಲು ಆಮದು ಪರವಾನಗಿಯೂ ವಿದೇಶಿ ವಿನಿಮಯವೂ ಸುಲಭವಾಗಿ ಸಿಗವು ಎಂಬ ಸ್ಥಿತಿಯಲ್ಲಿ ಬದಲಾವಣೆಗಿಂತ ದುರಸ್ತಿಯೇ ಆ ಕಾಲದ ಕಚೇರಿಯ ನೀತಿಯಾಯಿತು. ಸಂಸ್ಥೆಯ ಹೆಸರಿನಲ್ಲೇ ನಿರ್ವಹಣೆ ಎಂಬ ಪದ ಇದ್ದುದು ಆಕಸ್ಮಿಕವಲ್ಲ.

ಇದರ ಜೊತೆಗೆ ಕಾರ್ಮಿಕ ಸಂಘಗಳ ಆತಂಕವೂ ಇತ್ತು. ಯಾಂತ್ರೀಕರಣದಿಂದ ಉದ್ಯೋಗ ಹೋಗುತ್ತದೆಯೇ ಎಂಬುದನ್ನು ಪರಿಶೀಲಿಸಲು ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ 1972ರಲ್ಲಿ ವರದಿ ಕೊಟ್ಟಿತು. ಬ್ಯಾಂಕುಗಳಲ್ಲಿ ಯಂತ್ರಗಳನ್ನು ಯಾವ ಮಿತಿಯಲ್ಲಿ ಅಳವಡಿಸಬಹುದೆಂಬ ಬಗ್ಗೆ ಆಡಳಿತಕ್ಕೂ ಸಂಘಗಳಿಗೂ ಒಪ್ಪಂದವಾದದ್ದು 1983ರಲ್ಲಿ. ಹೀಗಾಗಿ ದೊಡ್ಡ ಕಚೇರಿಯೊಂದರಲ್ಲಿ ಯಂತ್ರ ತರುವ ಯೋಜನೆ ಹಾಕಿದವರು ಯಂತ್ರದ ಪಟ್ಟಿಗಿಂತ ಮೊದಲು ಜನರ ಪಟ್ಟಿಯನ್ನು ಮುಂದಿಟ್ಟುಕೊಂಡು, ಯಾರನ್ನೂ ಹೊರಹಾಕುವುದಿಲ್ಲ ಎಂಬ ಭರವಸೆಯಿಂದಲೇ ಮಾತು ಶುರುಮಾಡಬೇಕಾಗುತ್ತಿತ್ತು.

ಸಚಿವಾಲಯಗಳಿಗೆ ಕಂಪ್ಯೂಟರನ್ನು ತಂದ ಮುಖ್ಯ ಸಂಸ್ಥೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1976ರಲ್ಲಿ ಆರಂಭವಾದ ಅದನ್ನು ಕಟ್ಟಿದವರು ಎನ್. ಶೇಷಗಿರಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಈ ವಿಜ್ಞಾನಿ 1984ರ ಕಂಪ್ಯೂಟರ್ ನೀತಿಯಲ್ಲೂ 1986ರ ಸಾಫ್ಟ್‌ವೇರ್ ನೀತಿಯಲ್ಲೂ ಪ್ರಮುಖ ಪಾತ್ರ ವಹಿಸಿದವರು. ಲೋಧಿ ರಸ್ತೆಯ ಸಿಜಿಒ ಸಂಕೀರ್ಣದಲ್ಲಿ ನೆಲೆಗೊಂಡ ಎನ್‌ಐಸಿ ಮೊದಲು ಸೈಬರ್ 170 ಎಂಬ ದೊಡ್ಡ ಯಂತ್ರವೊಂದನ್ನು ನಡುವೆ ಇಟ್ಟು ಸಚಿವಾಲಯಗಳಿಗೆ ಟರ್ಮಿನಲ್‌ಗಳನ್ನು, ಅಂದರೆ ಸ್ವಂತ ಬುದ್ಧಿಯಿಲ್ಲದೆ ದೂರದ ಯಂತ್ರಕ್ಕೆ ಕೀಲಿಮಣೆ ಮತ್ತು ಪರದೆಯಾಗಿ ಮಾತ್ರ ಕೆಲಸಮಾಡುವ ಸಲಕರಣೆಗಳನ್ನು, ಕೊಟ್ಟಿತು. ಈ ಏರ್ಪಾಡಿನಲ್ಲಿ ಬದಲಾವಣೆ ಎಂದರೆ ಹವಾನಿಯಂತ್ರಿತ ಒಂದು ಕೋಣೆಯೊಳಗಿನ ವ್ಯವಹಾರ. 1982ರ ಏಷ್ಯನ್ ಕ್ರೀಡಾಕೂಟದ ಫಲಿತಾಂಶಗಳನ್ನು ಗಣಕೀಕರಿಸಿ ಹೆಸರು ಮಾಡಿದ ಎನ್‌ಐಸಿ, ಆ ದಶಕದ ಕೊನೆಗೆ ಉಪಗ್ರಹ ಸಂಪರ್ಕದ ಮೂಲಕ ಜಿಲ್ಲಾ ಕೇಂದ್ರಗಳವರೆಗೆ ನಿಕ್‌ನೆಟ್ ಜಾಲವನ್ನು ಹರಡಿತು. ಯಂತ್ರಗಳು ಕೋಣೆಯಿಂದ ಹೊರಬಿದ್ದು ಮೇಜು ಮೇಜುಗಳಿಗೆ ಚದುರಿದ ಮೇಲೆಯೇ ಅವುಗಳನ್ನು ಬದಲಿಸುವುದು ಎಣಿಕೆಯ, ಸಾಗಣೆಯ, ಲೆಕ್ಕದ ಕೆಲಸವಾದದ್ದು.

ಈ ಅವಧಿಯ ಅತ್ಯಂತ ಕಠಿಣ ಬದಲಾವಣೆ ನಡೆದದ್ದು ಸಚಿವಾಲಯದಲ್ಲಲ್ಲ, ಹೊಸ ದೆಹಲಿಯ ರೈಲ್ವೆ ಕಾದಿರಿಸುವಿಕೆಯ ಕಚೇರಿಯಲ್ಲಿ. ಅಲ್ಲಿ ಪ್ರತಿ ರೈಲಿಗೆ, ಪ್ರತಿ ದಿನಕ್ಕೆ ಪ್ರತ್ಯೇಕ ಖಾತೆ ಪುಸ್ತಕವಿತ್ತು, ಆ ಪುಸ್ತಕ ಯಾವ ಕಿಟಕಿಯ ಹಿಂದಿದೆಯೋ ಆ ಕಿಟಕಿಯಲ್ಲೇ ಆ ರೈಲಿನ ಟಿಕೆಟು. ಹೋಗುವುದಕ್ಕೂ ಮುಂದಿನ ಗಾಡಿ ಹಿಡಿಯುವುದಕ್ಕೂ ಪ್ರಯಾಣಿಕ ಎರಡು ಸಾಲುಗಳಲ್ಲಿ ನಿಲ್ಲಬೇಕು. ಇದನ್ನು ಬದಲಿಸಲು ಸಿಎಂಸಿ ರೂಪಿಸಿದ ಇಂಪ್ರೆಸ್ ಎಂಬ ವ್ಯವಸ್ಥೆ 1985ರ ನವೆಂಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 1986ರಲ್ಲಿ ವಿಧ್ಯುಕ್ತವಾಗಿ ನೆಲೆಗೊಂಡಿತು; ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ವ್ಯಾಕ್ಸ್ ಯಂತ್ರಗಳು ಅದರ ಆಧಾರ. ಯಾವ ಕಿಟಕಿಯಲ್ಲಾದರೂ ಯಾವ ರೈಲಿಗಾದರೂ ಟಿಕೆಟು ಸಿಗುತ್ತದೆ ಎಂಬುದು ಇಂದು ಸಹಜವೆನಿಸಿದರೂ ಆಗ ಅದು ಪುಸ್ತಕವನ್ನು ಕಿಟಕಿಯಿಂದ ಬಿಡಿಸಿದ ಕ್ರಾಂತಿಯಾಗಿತ್ತು. ಇಲ್ಲಿ ಯೋಜನೆ ಹಾಕುವವರಿಗೆ ಎದುರಾದ ನಿಜವಾದ ಸಮಸ್ಯೆ ಕಾಲಕ್ಕೆ ಸಂಬಂಧಿಸಿದ್ದು: ಕಾದಿರಿಸುವಿಕೆ ಪ್ರಯಾಣಕ್ಕಿಂತ ವಾರಗಟ್ಟಲೆ ಮೊದಲೇ ತೆರೆಯುವುದರಿಂದ ಯಾವ ದಿನ ಯಂತ್ರಕ್ಕೆ ಬದಲಾದರೂ ಮುಂದಿನ ದಿನಗಳ ಆಸನಗಳು ಆಗಲೇ ಕೈಬರಹದ ಖಾತೆಯಲ್ಲಿ ಮಾರಾಟವಾಗಿರುತ್ತವೆ, ಅವನ್ನು ತಪ್ಪಿಲ್ಲದೆ ದಾಟಿಸದಿದ್ದರೆ ಒಂದೇ ಬರ್ತ್ ಇಬ್ಬರಿಗೆ ಹೋಗುತ್ತದೆ. ಕಚೇರಿಯ ಬಾಗಿಲು ಮುಚ್ಚಿ ಮಾಡುವ ಕೆಲಸವೂ ಇದಲ್ಲ, ಏಕೆಂದರೆ ಬಾಗಿಲು ಮುಚ್ಚುವಂತೆಯೇ ಇರಲಿಲ್ಲ.

ಇಂಪ್ರೆಸ್‌ನಲ್ಲಿ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಕೇಂದ್ರಗಳು ಒಂದಕ್ಕೊಂದು ಮಾತಾಡುತ್ತಿರಲಿಲ್ಲ. 1986ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ರೈಲ್ವೆ ಮಾಹಿತಿ ವ್ಯವಸ್ಥೆಗಳ ಕೇಂದ್ರ, ಅಂದರೆ ಕ್ರಿಸ್, ಕಾನ್ಸರ್ಟ್ ಎಂಬ ಹೊಸ ವ್ಯವಸ್ಥೆಯನ್ನು ಬರೆಯಿತು. ಅದು 1994ರಲ್ಲಿ ಸಿಕಂದರಾಬಾದಿನಲ್ಲಿ ಮೊದಲು ಜಾರಿಗೆ ಬಂದು, 1999ರ ಏಪ್ರಿಲ್ ಹೊತ್ತಿಗೆ ಐದೂ ಕೇಂದ್ರಗಳನ್ನು ಒಂದೇ ಜಾಲಕ್ಕೆ ತಂದಿತು. ಒಂದೊಂದೇ ಕೇಂದ್ರವನ್ನು ಬದಲಿಸುತ್ತ ಐದು ವರ್ಷ ತೆಗೆದುಕೊಂಡದ್ದನ್ನು ಕೆಲವರು ನಿಧಾನವೆನ್ನಬಹುದು. ಆದರೆ ಓಡುತ್ತಿರುವ ವ್ಯವಸ್ಥೆಯನ್ನು ನಿಲ್ಲಿಸದೆ ಬದಲಿಸಿದ ಇಂಥ ಯಶಸ್ವಿ ನಿದರ್ಶನ ದೆಹಲಿಯ ಬೇರೆ ಕಚೇರಿಗಳಲ್ಲಿ ಸಿಗುವುದು ಕಷ್ಟ. ಮುಂದಿನ ದಶಕಗಳಲ್ಲಿ ಕೆಳಗಿನ ಯಂತ್ರ ಮತ್ತೆ ಮತ್ತೆ ಬದಲಾಯಿತು. ವ್ಯಾಕ್ಸ್ ಹೋಗಿ ಅದೇ ಕಂಪನಿಯ ಆಲ್ಫಾ ಬಂತು, ಕಂಪನಿಯೇ 1998ರಲ್ಲಿ ಕಾಂಪ್ಯಾಕ್‌ಗೆ, 2002ರಲ್ಲಿ ಎಚ್‌ಪಿಗೆ ಸೇರಿಹೋದ ಮೇಲೆ ಇಟಾನಿಯಂ ಬಂತು, 2021ರ ಹೊತ್ತಿಗೆ ಇಟಾನಿಯಂ ಪೂರೈಕೆಯೂ ನಿಂತಿತು. ಮೇಲಿನ ವಿಎಂಎಸ್ ಕಾರ್ಯವ್ಯವಸ್ಥೆ ಮಾತ್ರ ಯಂತ್ರದಿಂದ ಯಂತ್ರಕ್ಕೆ ದಾಟುತ್ತ ಬಂತು. ಇಂಥ ಕೆಲಸಗಳಿಗೆಲ್ಲ ಸಿಗುವುದು ನಡುರಾತ್ರಿಯ ಅಲ್ಪ ಬಿಡುವು ಮಾತ್ರ. ಕೋವಿಡ್ ಕಾಲದ ವಿಶೇಷ ರೈಲುಗಳನ್ನು ಮತ್ತೆ ಹಳೆಯ ಸಂಖ್ಯೆಗಳಿಗೆ ತರಲು 2021ರ ನವೆಂಬರ್‌ನಲ್ಲಿ ಏಳು ರಾತ್ರಿ ಹನ್ನೊಂದೂವರೆಯಿಂದ ಬೆಳಗಿನ ಐದೂವರೆಯವರೆಗೆ ಕಾದಿರಿಸುವಿಕೆಯನ್ನು ನಿಲ್ಲಿಸಲಾಯಿತು, ಅದನ್ನು ಮೊದಲೇ ಸಾರಿ ಹೇಳಬೇಕಾಯಿತು ಎಂಬುದೇ ಬಿಡುವು ಎಷ್ಟು ದುರ್ಲಭವೆಂಬುದನ್ನು ತೋರಿಸುತ್ತದೆ.

ಕನ್ನಡ ಓದುಗರಿಗೆ ಪರಿಚಿತವಾದ ಭೂಮಿ ಯೋಜನೆಯೊಡನೆ ಇದನ್ನು ಹೋಲಿಸಬಹುದು. ಅಲ್ಲೂ ತಂತ್ರಾಂಶ ಎನ್‌ಐಸಿಯದೇ. ಆದರೆ ಗಣಕೀಕೃತ ಪಹಣಿ ಬಂದ ತಾಲ್ಲೂಕಿನಲ್ಲಿ ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆಯನ್ನೇ ರದ್ದುಮಾಡಿ ಹಳೆಯದಕ್ಕೆ ಹಿಂತಿರುಗುವ ದಾರಿಯನ್ನು ಕರ್ನಾಟಕ ಮುಚ್ಚಿತು. ದೆಹಲಿಯ ಸಚಿವಾಲಯಗಳಲ್ಲಿ ಅಂಥ ಆಜ್ಞೆ ಬಹುಕಾಲ ಬರಲಿಲ್ಲ, ಕಡತವೂ ಕಂಪ್ಯೂಟರೂ ಜೊತೆಜೊತೆಗೆ ಬೆಳೆದವು.

1984ರ ನೀತಿಯ ಬಳಿಕ ಮೇಜಿನ ಮೇಲಿನ ಕಂಪ್ಯೂಟರ್ ಅಗ್ಗವಾಯಿತು, ಮಾರುಕಟ್ಟೆಯೂ ದೆಹಲಿಯಲ್ಲೇ ಹುಟ್ಟಿತು. ಡಿಸಿಎಂ ಕಂಪನಿಯಿಂದ ಹೊರಬಂದ ಶಿವ ನಾಡಾರ್ ಮತ್ತು ಸಂಗಡಿಗರು 1976ರಲ್ಲಿ ಕಟ್ಟಿದ ಎಚ್‌ಸಿಎಲ್ ಮುಂದೆ ನೋಯ್ಡಾದಲ್ಲಿ ಬೆಳೆಯಿತು. ದಕ್ಷಿಣ ದೆಹಲಿಯ ನೆಹರೂ ಪ್ಲೇಸ್ ಬಿಡಿಭಾಗಗಳ, ಜೋಡಿಸಿದ ಯಂತ್ರಗಳ, ದುರಸ್ತಿಯ ಪೇಟೆಯಾಯಿತು. ಸರ್ಕಾರಿ ಇಲಾಖೆಗಳು ಮಾತ್ರ ಆ ಪೇಟೆಗೆ ನೇರವಾಗಿ ಹೋಗದೆ, ಪೂರೈಕೆ ಮತ್ತು ವಿಲೇವಾರಿಯ ಮಹಾನಿರ್ದೇಶನಾಲಯ ಮಾಡಿಕೊಂಡ ದರ ಕರಾರಿನ ಮೂಲಕ ಕೊಳ್ಳುತ್ತಿದ್ದವು. ದರ ಕರಾರು ಎಂದರೆ ಒಂದು ವಸ್ತುವಿಗೆ ನಿರ್ದಿಷ್ಟ ಅವಧಿಗೆ ತಯಾರಕರೊಡನೆ ಬೆಲೆಯನ್ನು ಮೊದಲೇ ಗೊತ್ತುಮಾಡಿ, ಆ ಅವಧಿಯಲ್ಲಿ ಯಾವ ಇಲಾಖೆಯಾದರೂ ಅದೇ ಬೆಲೆಗೆ ಆದೇಶ ಕೊಡಲು ಬಿಡುವ ಪದ್ಧತಿ. ಪಂಖ, ಕಪಾಟುಗಳಿಗೆ ಹೇಳಿ ಮಾಡಿಸಿದಂತಿದ್ದ ಈ ಪದ್ಧತಿ, ಬೆಲೆ ತಿಂಗಳಿಂದ ತಿಂಗಳಿಗೆ ಇಳಿಯುವ ಕಂಪ್ಯೂಟರಿಗೆ ಒಗ್ಗದೆ, ಕರಾರಿನ ಮಾದರಿ ಮೇಜಿಗೆ ಬರುವಷ್ಟರಲ್ಲಿ ಪೇಟೆಯಲ್ಲಿ ಹಿಂದೆ ಬಿದ್ದಿರುವ ಸಂಭವವೇ ಹೆಚ್ಚಾಗಿತ್ತು. ಹೆಸರಿನಲ್ಲಿ ಪೂರೈಕೆಯನ್ನೂ ವಿಲೇವಾರಿಯನ್ನೂ ಒಟ್ಟಿಗೆ ಹೊತ್ತಿದ್ದ ಆ ನಿರ್ದೇಶನಾಲಯ 2017ರ ಅಕ್ಟೋಬರ್ 31ರಂದು ಮುಚ್ಚಿತು, ಅದರ ಕೆಲಸವನ್ನು 2016ರಲ್ಲಿ ಆರಂಭವಾದ ಜೆಮ್ ಎಂಬ ಸರ್ಕಾರಿ ಇ-ಮಾರುಕಟ್ಟೆ ವಹಿಸಿಕೊಂಡಿತು.

ಸಾಮೂಹಿಕವಾಗಿ ಯಂತ್ರ ಬದಲಿಸಬೇಕೆಂಬ ಒತ್ತಡ ದೆಹಲಿಯ ಕಚೇರಿಗಳಿಗೆ ಮೊದಲ ಸಲ ಬಂದದ್ದು 1998-99ರಲ್ಲಿ, ಎರಡು ದಿಕ್ಕುಗಳಿಂದ. ಆ ವರ್ಷ ಪ್ರಧಾನಮಂತ್ರಿಯವರು ನೇಮಿಸಿದ ಮಾಹಿತಿ ತಂತ್ರಜ್ಞಾನ ಕಾರ್ಯಪಡೆ ಪ್ರತಿ ಸಚಿವಾಲಯವೂ ತನ್ನ ಆಯವ್ಯಯದ ಶೇ 1ರಿಂದ 3ರಷ್ಟನ್ನು ಮಾಹಿತಿ ತಂತ್ರಜ್ಞಾನಕ್ಕೆ ತೆಗೆದಿಡಬೇಕೆಂದು ಸೂಚಿಸಿತು. ಇನ್ನೊಂದು ವೈ2ಕೆ, ಅಂದರೆ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟ ಯಂತ್ರ ಮತ್ತು ತಂತ್ರಾಂಶಗಳು 2000ವನ್ನು 1900 ಎಂದು ತಿಳಿಯುವ ಅಪಾಯ. ಯಾವ ಯಂತ್ರ ಎಲ್ಲಿದೆ, ಅದರ ವಯಸ್ಸೆಷ್ಟು, ಅದರ ಮೇಲೆ ಏನು ನಡೆಯುತ್ತಿದೆ ಎಂಬ ಪಟ್ಟಿ ಮಾಡದೆ ಇದನ್ನು ಎದುರಿಸುವಂತಿರಲಿಲ್ಲವಾದ್ದರಿಂದ ಡೆಡ್ ಸ್ಟಾಕ್ ರಿಜಿಸ್ಟರ್ ಹೇಳದ ಸಂಗತಿಗಳನ್ನು ಹೊಸದಾಗಿ ಕೇಳಬೇಕಾಯಿತು: ರಿಜಿಸ್ಟರಿಗೆ ಕಂಪ್ಯೂಟರ್ ಒಂದು ಸಂಖ್ಯೆ ಮತ್ತು ಒಂದು ಬೆಲೆ, ಅದರೊಳಗಿನ ಸಂಸ್ಕಾರಕವಾಗಲಿ ತಂತ್ರಾಂಶವಾಗಲಿ ಅದರ ಕಾಲಂಗಳಲ್ಲಿ ಇರಲಿಲ್ಲ. ಇನ್ನೂ ಓಡುತ್ತಿರುವ ಯಂತ್ರವನ್ನು ಬಳಕೆಗೆ ಅಯೋಗ್ಯವೆಂದು ಬರೆಯಲು ತಯಾರಿರದ ಸಮಿತಿಗಳಿಗೆ ಒಪ್ಪಬಹುದಾದ ಕಾರಣವೊಂದನ್ನೂ ವೈ2ಕೆ ಒದಗಿಸಿತು. ಆಮೇಲೆ ಅಂಥ ಕಾರಣಗಳು ಸಾಫ್ಟ್‌ವೇರ್ ಕಂಪನಿಗಳಿಂದಲೇ ದಿನಾಂಕ ಸಹಿತ ಬರತೊಡಗಿದವು. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮುಗಿದದ್ದು ಕಚೇರಿಗಳ ಬದಲಾವಣೆಯ ಪಂಚಾಂಗವೇ ಆಯಿತು.

ಕಂಡೆಮ್ ಮಾಡುವುದು ಎಂಬ ಕಚೇರಿಯ ಮಾತು ಈಗ ವಿವರಣೆ ಬೇಡುತ್ತದೆ. ಒಂದು ವಸ್ತು ಇಲಾಖೆಗೆ ಇನ್ನು ಉಪಯೋಗವಿಲ್ಲ ಎಂದು ಘೋಷಿಸುವ ಅಧಿಕಾರ ಅದನ್ನು ಕೊಳ್ಳಲು ಅಧಿಕಾರವಿರುವವರಿಗೇ ಇದೆ. ಅವರು ಕಾರಣವನ್ನು ಬರೆದಿಡಬೇಕು, ಬೇಕಾದರೆ ಸಮಿತಿ ನೇಮಿಸಬಹುದು. ಸಮಿತಿ ವಸ್ತುವಿನ ಪುಸ್ತಕ ಬೆಲೆ, ಅಂದರೆ ಕೊಂಡ ಬೆಲೆಯಲ್ಲಿ ಸವಕಳಿ ಕಳೆದು ಉಳಿದದ್ದು, ಮತ್ತು ಹರಾಜಿನಲ್ಲಿ ಅದಕ್ಕಿಂತ ಕಡಿಮೆಗೆ ಕೊಡಬಾರದ ಕಾಯ್ದಿಟ್ಟ ಬೆಲೆಗಳನ್ನು ಗೊತ್ತುಮಾಡುತ್ತದೆ. ವಸ್ತುಗಳ ಪಟ್ಟಿ ನಿಗದಿತ ನಮೂನೆಯಲ್ಲಿ ತಯಾರಾಗುತ್ತದೆ. 2017ರ ನಿಯಮಗಳಲ್ಲಿ ಉಳಿಕೆ ಬೆಲೆ 2 ಲಕ್ಷ ರೂಪಾಯಿ ದಾಟಿದರೆ ಟೆಂಡರ್ ಅಥವಾ ಬಹಿರಂಗ ಹರಾಜು ಅಗತ್ಯ. ನಿರುಪಯೋಗಿಯಾದದ್ದು ಸಿಬ್ಬಂದಿಯ ಅಲಕ್ಷ್ಯದಿಂದಲೋ ವಂಚನೆಯಿಂದಲೋ ಆಗಿದ್ದರೆ ಹೊಣೆ ಗೊತ್ತುಮಾಡಬೇಕೆಂಬ ಮಾತೂ ನಿಯಮದಲ್ಲಿದೆ, ಅದೇ ಸಮಿತಿಯ ಸದಸ್ಯರ ಪೆನ್ನನ್ನು ತಡೆಯುವುದು. ಸಂಪೂರ್ಣ ಕೆಟ್ಟ ಯಂತ್ರಕ್ಕೆ ಸಹಿ ಹಾಕುವುದು ಸುಲಭ. ಓಡುತ್ತಲೇ ಇದ್ದು ಕೆಲಸಕ್ಕೆ ಬಾರದ ಯಂತ್ರ ಎಂಬ ವರ್ಗ ಕಂಪ್ಯೂಟರಿನೊಡನೆ ಹುಟ್ಟಿದ್ದು, ಕುರ್ಚಿ ಮೇಜುಗಳ ನಿಯಮಗಳಿಗೆ ಅದು ಗೊತ್ತಿರಲಿಲ್ಲ. ಹೊಸದನ್ನು ಮಾರುವವನೇ ಹಳೆಯದನ್ನು ಬೆಲೆ ಕಳೆದು ಒಯ್ಯುವ ಬೈಬ್ಯಾಕ್ ಪದ್ಧತಿಗೆ ನಿಯಮಗಳಲ್ಲಿ ಅವಕಾಶವಿದ್ದರೂ, ಹಾಗೆ ಕಳೆದ ಬೆಲೆ ಸರಿಯೇ ಎಂದು ನಾಳೆ ಲೆಕ್ಕ ಪರಿಶೋಧಕರು ಕೇಳಿದರೆ ಏನು ಹೇಳುವುದೆಂಬ ಭಯದಲ್ಲಿ ಹರಾಜೇ ವಾಸಿ ಎನ್ನುವವರು ಕಡಿಮೆಯೇನಿರಲಿಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ಬಹುಕಾಲ ವರ್ಷಕ್ಕೆ ಶೇ 60ರ, 2017ರಿಂದ ಶೇ 40ರ ಸವಕಳಿ ಇದೆ. ಹೀಗೆ ಕೆಲವೇ ವರ್ಷಗಳಲ್ಲಿ ಬೆಲೆ ಕರಗುವುದೆಂದು ಕಾನೂನೇ ಒಪ್ಪಿದ ವಸ್ತುವಿಗೆ ದಶಕ ಕಳೆದ ಮೇಲೂ ಕಾಯ್ದಿಟ್ಟ ಬೆಲೆ ಹುಡುಕುತ್ತಿದ್ದುದು ಸರ್ಕಾರಿ ಕಚೇರಿಗಳ ವಿಶೇಷ.

ಹರಾಜಿನ ಪದ್ಧತಿ ಬೆಲೆಯನ್ನು ನೋಡುತ್ತದೆಯೇ ಹೊರತು ವಸ್ತುವಿನೊಳಗೆ ಏನಿದೆಯೆಂದು ನೋಡುವುದಿಲ್ಲ ಎಂಬುದು ಅತ್ಯಂತ ದಾರುಣವಾಗಿ ಬಯಲಾದದ್ದು ಕಂಪ್ಯೂಟರಿನಿಂದಲ್ಲ, ಪ್ರಯೋಗಾಲಯದ ಯಂತ್ರವೊಂದರಿಂದ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1960ರ ದಶಕದ ಕೊನೆಯಲ್ಲಿ ಬಂದು 1980ರ ದಶಕದಿಂದ ಬಳಕೆಯಿಲ್ಲದೆ ಬಿದ್ದಿದ್ದ ಗಾಮಾ ವಿಕಿರಣ ಯಂತ್ರ 2010ರ ಫೆಬ್ರವರಿಯಲ್ಲಿ ಹರಾಜಾಗಿ ಪಶ್ಚಿಮ ದೆಹಲಿಯ ಮಾಯಾಪುರಿ ಗುಜರಿ ಪೇಟೆಗೆ ಹೋಯಿತು. ಅದರೊಳಗಿನ ಕೋಬಾಲ್ಟ್-60 ಬಿಡಿಸಿ ಚೂರಾಗಿ ಹಂಚಿಹೋದುದು ಗೊತ್ತಾದದ್ದು ಏಪ್ರಿಲ್‌ನಲ್ಲಿ, ಹಲವರು ಆಸ್ಪತ್ರೆ ಸೇರಿದ ಮೇಲೆ; ಅವರಲ್ಲಿ ಒಬ್ಬ ಕಾರ್ಮಿಕ ಅದೇ ತಿಂಗಳು ಸತ್ತ. ಕಚೇರಿಯ ಹಳೆಯ ವಸ್ತು ಗೇಟು ದಾಟಿದೊಡನೆ ಮಾರಿದವರ ಹೊಣೆ ಮುಗಿಯುತ್ತದೆಯೇ ಎಂಬ ಪ್ರಶ್ನೆಯನ್ನು ಈ ಘಟನೆ ಎಲ್ಲರ ಮುಂದಿಟ್ಟಿತು.

ಕಂಪ್ಯೂಟರುಗಳ ವಿಷಯದಲ್ಲಿ ಆ ಪ್ರಶ್ನೆಯನ್ನು ಕೆಲವರು ಮೊದಲೇ ಕೇಳಿದ್ದರು. ಹರಾಜಾದ ಯಂತ್ರಗಳಲ್ಲಿ ಓಡುವಂಥವು ನೆಹರೂ ಪ್ಲೇಸಿನ ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳ ಕೈಗೆ ಹೋಗಿ ಎರಡನೆಯ ಬಾಳು ಕಾಣುತ್ತಿದ್ದವು. ಉಳಿದವು ಯಮುನೆಯಾಚೆಯ ಸೀಲಂಪುರಕ್ಕೆ. 2002ರಲ್ಲಿ ಬಾಸೆಲ್ ಆಕ್ಷನ್ ನೆಟ್‌ವರ್ಕ್ ಮತ್ತು ದೆಹಲಿಯ ಟಾಕ್ಸಿಕ್ಸ್ ಲಿಂಕ್ ಮುಂತಾದ ಸಂಘಟನೆಗಳು ಸೇರಿ ಹೊರತಂದ ವರದಿಯಲ್ಲಿ ಪರದೇಶದ ಗುಜರಿ ಕಂಪ್ಯೂಟರುಗಳು ಏಷ್ಯಾದ ಯಾವ ಯಾವ ಗಲ್ಲಿಗಳಿಗೆ ಬಂದು ಸೇರುತ್ತವೆ ಎಂಬುದನ್ನು ದಾಖಲಿಸುವಾಗ ದೆಹಲಿಯೂ ಸೇರಿತ್ತು. ಸೀಲಂಪುರದ ಕೆಲಸಗಾರರು ಪೆಟ್ಟಿಗೆಯಂಥ ಹಳೆಯ ಮಾನಿಟರುಗಳನ್ನು ಒಡೆದು ತಾಮ್ರದ ಸುರುಳಿ ತೆಗೆಯುತ್ತಿದ್ದರು, ಸೀಸ ಬೆರೆತ ಗಾಜು ಪಕ್ಕಕ್ಕೆ ಬೀಳುತ್ತಿತ್ತು; ಸರ್ಕೀಟು ಹಲಗೆಗಳನ್ನು ಬಿಸಿಮಾಡಿ ಬೆಸುಗೆ ಸಡಿಲಿಸಿ ಚಿಪ್‌ಗಳನ್ನು ವಿಂಗಡಿಸುತ್ತಿದ್ದರು; ತಂತಿ ಸುಡುವುದು, ಆಮ್ಲದಲ್ಲಿ ಅದ್ದಿ ಲೋಹ ತೆಗೆಯುವುದು ಮಂಡೋಲಿ, ಲೋಣಿಗಳ ಕಡೆ, ಹಲಗೆಗಳ ಒಂದು ಪಾಲು ಮೊರಾದಾಬಾದಿಗೆ. ಕೀಬೋರ್ಡಿಗೆ ಒಂದು ಬೆಲೆ, ಪವರ್ ಸಪ್ಲೈಗೆ ಇನ್ನೊಂದು, ಸಂಸ್ಕಾರಕದ ಚಿನ್ನದ ಲೇಪಕ್ಕೆ ಮತ್ತೊಂದು ಎಂದು ಭಾಗ ಭಾಗಕ್ಕೂ ಬೆಲೆ ಕಟ್ಟುವ ವಿದ್ಯೆ ಅಲ್ಲಿತ್ತು. ಸಚಿವಾಲಯದ ಸಮಿತಿ ಪುಸ್ತಕ ಬೆಲೆಯಿಂದ ಲೆಕ್ಕ ಹಾಕುತ್ತಿದ್ದ ವಸ್ತುವನ್ನು ಕಬಾಡಿ ವ್ಯಾಪಾರಿ ತೂಕ ಮತ್ತು ಲೋಹದಿಂದ ಲೆಕ್ಕ ಹಾಕುತ್ತಿದ್ದ, ಹರಾಜಿನಲ್ಲಿ ಗೆಲ್ಲುತ್ತಿದ್ದವನೂ ಅವನೇ. ಆ ವಿದ್ಯೆಗೆ ತೆತ್ತ ಬೆಲೆ ಕೈ, ಕಣ್ಣು, ಶ್ವಾಸಕೋಶಗಳದ್ದು, ನೆಲದ ನೀರಿನದ್ದು.

ಇ-ತ್ಯಾಜ್ಯದ ನಿಯಮಗಳು 2011ರಲ್ಲಿ ಪ್ರಕಟವಾಗಿ 2012ರ ಮೇ 1ರಿಂದ ಜಾರಿಗೆ ಬಂದಾಗ ದೊಡ್ಡ ಪ್ರಮಾಣದ ಬಳಕೆದಾರರು ಎಂಬ ಹೊಸ ವರ್ಗ ಹುಟ್ಟಿತು. ಕೇಂದ್ರ ಮತ್ತು ರಾಜ್ಯ ಸರ್ಕಾರದ ಇಲಾಖೆಗಳು, ಸಾರ್ವಜನಿಕ ಉದ್ಯಮಗಳು, ಬ್ಯಾಂಕುಗಳು ಈ ವರ್ಗಕ್ಕೆ ಸೇರಿ, ಹಳೆಯ ಕಂಪ್ಯೂಟರುಗಳನ್ನು ಅಧಿಕೃತ ಸಂಗ್ರಾಹಕರಿಗೋ ಮರುಬಳಕೆ ಘಟಕಗಳಿಗೋ ಕೊಡಬೇಕು, ಕೊಟ್ಟದ್ದರ ದಾಖಲೆ ಇಡಬೇಕು ಎಂದಾಯಿತು. 2016ರಲ್ಲಿ ನಿಯಮಗಳು ಬದಲಾದವು, 2022ರ ನವೆಂಬರ್‌ನಲ್ಲಿ ಪ್ರಕಟವಾದ ಇನ್ನೂ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಎಲ್ಲರಿಗಿಂತ ಹೆಚ್ಚು ಕೂಗಿದವನಿಗೆ ಮಾರುವ ಹಳೆಯ ಸೂತ್ರಕ್ಕೂ ಅಧಿಕೃತನಿಗೆ ಮಾತ್ರ ಕೊಡುವ ಹೊಸ ಸೂತ್ರಕ್ಕೂ ಹೊಂದಾಣಿಕೆಯಾಗಿ, ನೋಂದಾಯಿತ ಘಟಕಗಳಷ್ಟೇ ಭಾಗವಹಿಸುವ ಇ-ಹರಾಜು ರೂಢಿಗೆ ಬಂತು. ಹೊಸ ಬಗೆಯ ಇನ್ನೊಂದು ಕೆಲಸವೂ ಸೇರಿಕೊಂಡಿತು, ಅದೇ ಹಾರ್ಡ್ ಡಿಸ್ಕಿನ ಮಾಹಿತಿಯನ್ನು ಮತ್ತೆ ಓದಲಾಗದಂತೆ ಅಳಿಸುವುದು. ಡಿಸ್ಕನ್ನು ಅಳಿಸಿದೆಯೆಂಬ ದೃಢೀಕರಣವಿಲ್ಲದೆ ಯಂತ್ರವನ್ನು ಬಿಡಲು ಭದ್ರತೆಯ ಹೊಣೆ ಹೊತ್ತವರು ಒಪ್ಪದ್ದರಿಂದ ಹಳೆಯ ಯಂತ್ರಗಳು ವಿಲೇವಾರಿಗೆ ಕಾಯುವ ಕೋಣೆಗಳಲ್ಲಿ ಪೆಟ್ಟಿಗೆಗಳ ರಾಶಿ ಇನ್ನಷ್ಟು ಏರಿತು.

ಗುರುಗ್ರಾಮದ ಖಾಸಗಿ ಕಚೇರಿಗಳ ಕತೆ ಚಿಕ್ಕದು. 1997ರಲ್ಲಿ ಜಿಇ ಅಲ್ಲಿ ತೆರೆದ ಹೊರಗುತ್ತಿಗೆ ಕೇಂದ್ರದ ಮಾದರಿಯಲ್ಲಿ ಬೆಳೆದ ಉದ್ಯಮ ಯಂತ್ರಗಳನ್ನು ಕೊಳ್ಳುವುದರ ಬದಲು ಗುತ್ತಿಗೆಗೆ ಪಡೆಯುವ ದಾರಿಯನ್ನೂ ಹಿಡಿಯಿತು, ಗುತ್ತಿಗೆ ಮುಗಿದೊಡನೆ ಒಟ್ಟಿಗೇ ಬದಲಿಸಿತು, ವಿಲೇವಾರಿ ಗುತ್ತಿಗೆ ಕೊಟ್ಟವನ ತಲೆಬೇನೆ. ಅದಕ್ಕೂ ಒಂದು ಪರೀಕ್ಷೆ ಬಂದದ್ದು 2020ರ ಮಾರ್ಚ್‌ನಲ್ಲಿ: ಮನೆಯಿಂದ ಕೆಲಸಮಾಡಲು ದೂರಸಂಪರ್ಕ ಇಲಾಖೆ ನಿಯಮ ಸಡಿಲಿಸಿದಾಗ ಮೇಜಿನ ಕಂಪ್ಯೂಟರುಗಳನ್ನೇ ಬಿಚ್ಚಿ ವಾಹನಗಳಲ್ಲಿ ನೌಕರರ ಮನೆಗಳಿಗೆ ಸಾಗಿಸಬೇಕಾಯಿತು, ಯಾವ ಆಸ್ತಿ ಯಾರ ಮನೆಯಲ್ಲಿದೆ ಎಂಬುದೇ ಹೊಸ ಲೆಕ್ಕವಾಯಿತು.

ಯೋಜನೆಯಿಲ್ಲದೆ, ತುರ್ತಿನಲ್ಲಿ ನಡೆಯುವ ಬದಲಾವಣೆ ಹೇಗಿರುತ್ತದೆ ಎಂಬುದಕ್ಕೆ ದೆಹಲಿಯ ಏಮ್ಸ್ ಆಸ್ಪತ್ರೆ ಉದಾಹರಣೆ. 2022ರ ನವೆಂಬರ್ 23ರಂದು ಅದರ ಸರ್ವರುಗಳ ಮಾಹಿತಿಯನ್ನು ದುಷ್ಕರ್ಮಿಗಳು ಬೀಗ ಹಾಕಿದಂತೆ ಸಂಕೇತೀಕರಿಸಿಬಿಟ್ಟರು. ಐದು ಸರ್ವರುಗಳಲ್ಲಿ ಸುಮಾರು 1.3 ಟೆರಾಬೈಟ್ ಮಾಹಿತಿ ಸಿಕ್ಕಿಕೊಂಡಿತ್ತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಹೊರರೋಗಿಗಳ ನೋಂದಣಿ, ಪ್ರಯೋಗಾಲಯದ ವರದಿ, ಬಿಲ್ಲು ಎಲ್ಲವೂ ಹಲವು ದಿನ ಕೈಬರಹಕ್ಕೆ ಮರಳಿದವು. ಸಾವಿರಾರು ಕಂಪ್ಯೂಟರುಗಳನ್ನು ಒಂದೊಂದಾಗಿ ಪರೀಕ್ಷಿಸಿ ಶುದ್ಧಮಾಡಿ ಮತ್ತೆ ಜಾಲಕ್ಕೆ ಸೇರಿಸುವ ಆ ಕೆಲಸದಲ್ಲಿ, ಯಂತ್ರಗಳ ಪಟ್ಟಿ ಕೈಯಲ್ಲಿದ್ದರೆ ಎಷ್ಟು ಸುಲಭ, ಇಲ್ಲದಿದ್ದರೆ ಎಷ್ಟು ಕಷ್ಟ ಎಂಬುದು ಎದ್ದು ಕಂಡಿತು.

ಕೂಡಿಟ್ಟ ಹಳೆಯದನ್ನು ಹೊರಹಾಕುವುದನ್ನೇ ಸರ್ಕಾರ ಒಂದು ಆಂದೋಲನವಾಗಿಸಿದ್ದು 2021ರ ಅಕ್ಟೋಬರ್‌ನಲ್ಲಿ. ಆಡಳಿತ ಸುಧಾರಣಾ ಇಲಾಖೆಯ ಮೇಲ್ವಿಚಾರಣೆಯಲ್ಲಿ ನಡೆದ ಆ ಮೊದಲ ತಿಂಗಳ ವಿಶೇಷ ಅಭಿಯಾನದಲ್ಲಿ ಗುಜರಿ ಮಾರಾಟದಿಂದ ಸುಮಾರು 62 ಕೋಟಿ ರೂಪಾಯಿ ಬಂದು, ದೇಶದಾದ್ಯಂತದ ಕೇಂದ್ರ ಕಚೇರಿಗಳಲ್ಲಿ ಸುಮಾರು 12 ಲಕ್ಷ ಚದರಡಿ ಜಾಗ ತೆರವಾಯಿತು. 2023ರ ಅಭಿಯಾನದಲ್ಲಿ ಬಂದ ಹಣ ಸುಮಾರು 556 ಕೋಟಿ. ಇದೆಲ್ಲ ಕಂಪ್ಯೂಟರಿನದಲ್ಲ, ಮುರಿದ ಪೀಠೋಪಕರಣ, ಹಳೆಯ ವಾಹನ, ರೈಲ್ವೆಯ ಕಬ್ಬಿಣವೂ ಇದರಲ್ಲಿ ಸೇರಿವೆ. ಆದರೂ ದಶಕಗಳ ಕಾಲ ಒಬ್ಬರೂ ಸಹಿ ಹಾಕದೆ ಉಳಿದ ವಸ್ತುಗಳಿಗೆ ಎಲ್ಲರೂ ಒಟ್ಟಿಗೆ ಸಹಿ ಹಾಕುವ ತಿಂಗಳೊಂದು ಸಿಕ್ಕಿದ್ದು ಅಂಕಿಗಳಷ್ಟೇ ಮುಖ್ಯವಾದ ಸಂಗತಿ. ಕಾಗದದ ಕಡತದ ಬದಲು ಇ-ಆಫೀಸ್ ಬಂದದ್ದೂ, ಸಚಿವಾಲಯಗಳು ಹಳೆಯ ಬ್ಲಾಕುಗಳನ್ನು ಬಿಟ್ಟು 2025ರ ಆಗಸ್ಟ್‌ನಿಂದ ಹೊಸ ಕರ್ತವ್ಯ ಭವನಗಳಿಗೆ ಸ್ಥಳಾಂತರಗೊಳ್ಳತೊಡಗಿದ್ದೂ ಇದಕ್ಕೆ ನೆರವಾದವು, ಏಕೆಂದರೆ ಹೊಸ ಕಟ್ಟಡಕ್ಕೆ ಏನನ್ನು ಒಯ್ಯುವುದು ಎಂಬ ಪ್ರಶ್ನೆ ಏನನ್ನು ಒಯ್ಯದಿರುವುದು ಎಂಬುದನ್ನೂ ತೀರ್ಮಾನಿಸುತ್ತದೆ.

ಲ್ಯಾಪ್‌ಟಾಪುಗಳ ವಿಷಯದಲ್ಲಿ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ 2023ರ ಜುಲೈನಲ್ಲಿ ಬೇರೊಂದು ದಾರಿ ತೋರಿಸಿತು. ಉಪ ಕಾರ್ಯದರ್ಶಿ ಮತ್ತು ಅದಕ್ಕೂ ಮೇಲಿನ ಅಧಿಕಾರಿಗಳಿಗೆ ತೆರಿಗೆ ಬಿಟ್ಟು 1 ಲಕ್ಷ ರೂಪಾಯಿವರೆಗಿನ, ದೇಶೀಯ ಭಾಗಗಳು ಶೇ 40ಕ್ಕಿಂತ ಹೆಚ್ಚಿದ್ದರೆ 1.30 ಲಕ್ಷದವರೆಗಿನ ಸಾಧನವನ್ನು ಕೊಡಬಹುದು, ನಾಲ್ಕು ವರ್ಷ ಬಳಸಿದ ಮೇಲೆ ಅಧಿಕಾರಿಯೇ ಅದನ್ನು ಇಟ್ಟುಕೊಳ್ಳಬಹುದು, ಹಾಗೆ ಕೊಡುವ ಮೊದಲು ಅದರಲ್ಲಿನ ಸರ್ಕಾರಿ ಮಾಹಿತಿಯನ್ನು ಇಲಾಖೆ ಪೂರ್ತಿ ಅಳಿಸಬೇಕು ಎಂಬುದು ಆ ಆದೇಶದ ಸಾರ. ಸಮಿತಿಯಿಲ್ಲ, ಕಾಯ್ದಿಟ್ಟ ಬೆಲೆಯಿಲ್ಲ, ಹರಾಜಿಲ್ಲ. ವಸ್ತು ಪುಸ್ತಕದಿಂದಲೂ ಕೋಣೆಯಿಂದಲೂ ಒಟ್ಟಿಗೆ ಹೋಗುತ್ತದೆ. ಅದೇ ಅಧಿಕಾರಿಯ ಕೈಕೆಳಗಿನ ಸಹಾಯಕರ, ಗುಮಾಸ್ತರ ಮೇಜುಗಳ ಮೇಲಿನ ಕಂಪ್ಯೂಟರುಗಳಿಗೆ ಈ ಸವಲತ್ತು ಅನ್ವಯಿಸುವುದಿಲ್ಲ, ಅವು ಈಗಲೂ ಸಮಿತಿಯ ಮುಂದೆಯೇ ಹೋಗಬೇಕು.